ಚಿಕ್ಕಪ್ಪ ತೋರಿಸಿದ ಕೆಲಸಗಳು

ನಜರ್‌ಬಾದಿನ ದಂತವೈದ್ಯರೊಬ್ಬರು ನಮ್ಮ ಚಿಕ್ಕಪ್ಪನನ್ನು ಕಂಡರೆ ಇವತ್ತಿಗೂ ರಸ್ತೆ ದಾಟಿ ಆ ಬದಿಗೆ ಹೋಗಿಬಿಡುತ್ತಾರೆ. ತಪ್ಪು ಚಿಕ್ಕಪ್ಪನದಲ್ಲ. ಪಿಯುಸಿ ಮುಗಿಸಿ, ಮುಂದೇನು ಓದಬೇಕೆಂದು ತಿಳಿಯದೆ ಕೂತಿದ್ದ ನನ್ನದು.

ಅಪ್ಪನಿಗೆ ಅನುಮಾನವೇ ಇರಲಿಲ್ಲ, ಎಂಜಿನಿಯರಿಂಗ್. ಅಮ್ಮನಿಗೆ ಡೆಂಟಲ್ ಆದರೂ ಅಡ್ಡಿಯಿಲ್ಲ. ನಾನು ಇಬ್ಬರಿಗೂ ಹೂಂ ಎನ್ನುತ್ತಿದ್ದೆ. ಅಗ್ರಹಾರದ ನಮ್ಮ ಮನೆಯ ಮಹಡಿಯಲ್ಲಿ ಒಬ್ಬರೇ ಇದ್ದ ಚಿಕ್ಕಪ್ಪ, ಸರ್ಕಾರಿ ಕಚೇರಿಯಲ್ಲಿ ಮೂವತ್ತೈದು ವರ್ಷ ಫೈಲು ನೋಡಿ ಆಗಷ್ಟೇ ನಿವೃತ್ತರಾಗಿದ್ದರು. ಸೀರೆ ಕೊಳ್ಳುವವರೂ ಸೆರಗು ಬಿಚ್ಚಿಸಿ ನೋಡುತ್ತಾರೆ, ಜೀವಮಾನವಿಡೀ ಮಾಡುವ ಕೆಲಸವನ್ನು ನೋಡದೆ ಒಪ್ಪುವುದೇ? ಇದು ಅವರ ವಾದ. ನನ್ನನ್ನು ಸ್ಕೂಟರ್ ಹತ್ತಿಸಿದರು.

ದಂತವೈದ್ಯರ ಕ್ಲಿನಿಕ್ಕಿನಲ್ಲಿ ಮೂರು ದಿನ ಬೆಳಗಿನಿಂದ ಸಂಜೆಯವರೆಗೆ ಸುಮ್ಮನೆ ಕೂತೆವು. ಮೂರನೆಯ ದಿನ ಡಾಕ್ಟರೇ ಹೊರಬಂದು, ಹಲ್ಲುನೋವು ಯಾರಿಗೆ ಎಂದು ಕೇಳಿದರು.

"ಹಲ್ಲಿಗೇನಾಗಿಲ್ಲ ಡಾಕ್ಟ್ರೇ. ನಮ್ಮುಡುಗಿ ನಿಮ್ಮನ್ನ ನೋಡ್ಕೊಂಡು ಆಮೇಲೆ ಹೇಳ್ತೀನಿ ಅಂದ್ಲು" ಎಂದರು ಚಿಕ್ಕಪ್ಪ.

ಡಾಕ್ಟರಿಗೆ ಮದುವೆಯಾಗಿ ತಿಂಗಳಾಗಿತ್ತು. ಹೆಂಡತಿ ಪಕ್ಕದಲ್ಲೇ ನಿಂತಿದ್ದರು!

ಒಂಟಿಕೊಪ್ಪಲಿನಲ್ಲಿ ಮನೆ ಕಟ್ಟಿಸುತ್ತಿದ್ದ ಎಂಜಿನಿಯರ್ ಒಳ್ಳೆಯವರು, ನಿಂತು ನೋಡಲು ಬಿಟ್ಟರು. ನನಗೆ ಒಂದೇ ಗಂಟೆಗೆ ಬೇಸರ ಬಂತು. ಚಿಕ್ಕಪ್ಪ ಮಾತ್ರ ಟೇಪಿನ ಇನ್ನೊಂದು ತುದಿ ಹಿಡಿದು ಸಂಜೆಯವರೆಗೂ ಅಳತೆ ಹಾಕಿಸಿದರು. ಯಾರಾದರೂ ಸೀಟು ಕೊಟ್ಟಿದ್ದರೆ ಅವತ್ತೇ ಸೇರಿಬಿಡುತ್ತಿದ್ದರೇನೋ!

ಕೊನೆಗೆ ಹೋದದ್ದು ಓಲೆಗರಿಗಳನ್ನು ಕಾಪಾಡುವ ಒಂದು ಹಳೆಯ ಗ್ರಂಥಾಲಯಕ್ಕೆ. ಅಲ್ಲಿ ಒಬ್ಬ ಮೇಡಂ ಬರಿದಾಗಿ ಕಾಣುತ್ತಿದ್ದ ಗರಿಯೊಂದಕ್ಕೆ ಕಪ್ಪು ಹಚ್ಚಿ, ಮೆಲ್ಲಗೆ ಒರೆಸಿದರು. ಗರಿಯಲ್ಲಿ ಕೊರೆದಿದ್ದ ಅಕ್ಷರಗಳು ಒಂದೊಂದಾಗಿ ಮೇಲೆದ್ದವು. ಯಾರು ಬರೆದದ್ದು ಎಂದು ಕೇಳಿದೆ. ಅದನ್ನೇ ಹುಡುಕುತ್ತಿದ್ದೇವೆ ಎಂದರು. ಅವತ್ತು ನಾನು ಊಟ ಮರೆತೆ. ಚಿಕ್ಕಪ್ಪ ನನ್ನ ಮುಖ ನೋಡಿ, ಇನ್ನು ಬೇರೆಲ್ಲಿಗೂ ಹೋಗುವುದು ಬೇಡ ಎಂದರು.

ಮನೆಯಲ್ಲಿ, ಬಿ.ಎ. ಸೇರಿ ಇತಿಹಾಸ ಓದುತ್ತೇನೆ ಎಂದೆ. ಅಪ್ಪ ಲ್ಯಾಪ್‌ಟಾಪಿನಿಂದ ತಲೆಯೆತ್ತಲಿಲ್ಲ. ಎಂಜಿನಿಯರಿಂಗ್ ಕಾಲೇಜುಗಳ ಪಟ್ಟಿ ತುಂಬುತ್ತಲೇ ಇದ್ದರು. ಚಿಕ್ಕವರಿಗೆ ಏನು ತಿಳಿಯುತ್ತದೆ, ದೊಡ್ಡವರು ತುಂಬಿದರೆ ಆಯಿತು ಎಂದರು. ನಾನು ಅಭ್ಯಾಸದಂತೆ ಹೂಂ ಎನ್ನುವುದರಲ್ಲಿದ್ದೆ.

ಅಪ್ಪನ ಎದುರು ಎಂದೂ ದನಿಯೆತ್ತದ ಚಿಕ್ಕಪ್ಪ ಬಾಗಿಲಲ್ಲೇ ನಿಂತಿದ್ದರು.

"ಅಣ್ಣಾ, ನನ್ ಅರ್ಜೀನೂ ನೀನೇ ತುಂಬ್ದೆ. ಸೈನ್ ಮಾಡೋ ಅಂದೆ, ಮಾಡ್ಬುಟ್ಟೆ. ಯಾರೂ ನನ್ನ ಕೇಳ್ಲಿಲ್ಲ. ಇವಳನ್ನಾದ್ರೂ ಕೇಳು."

ಕೋಪವಿರಲಿಲ್ಲ ಆ ಮಾತಿನಲ್ಲಿ. ಅಪ್ಪನ ಕೈ ನಿಂತಿತು. ಅಜ್ಜ ಬೇಗ ತೀರಿಕೊಂಡಾಗ ತಮ್ಮನನ್ನು ಓದಿಸಿ ಕೆಲಸಕ್ಕೆ ಹಚ್ಚಿದವರು ಅವರೇ. ಅದನ್ನು ಅವರು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದರು. ಈಗ ಲ್ಯಾಪ್‌ಟಾಪನ್ನು ನನ್ನ ಕಡೆಗೆ ತಿರುಗಿಸಿ, ನೀನೇ ನೋಡಮ್ಮ ಎಂದರು. ಆಮೇಲೆ ತಮ್ಮನ ಕಡೆ ತಿರುಗಿದರು.

"ನೀನೇನಾಗ್ಬೇಕು ಅಂತಿದ್ಯೋ?"

ಅರವತ್ತರ ಚಿಕ್ಕಪ್ಪ, ಪಾಠ ಓದದೆ ಬಂದ ಹುಡುಗನ ಹಾಗೆ ನೆಲ ನೋಡಿದರು.

"ಒಂದೆರಡು ದಿನ ಟೈಮ್ ಕೊಡಣ್ಣ. ಯೋಚ್ನೆ ಮಾಡಿ ಹೇಳ್ತೀನಿ."

"ನಿಧಾನವಾಗಿ ಹೇಳು" ಎಂದು ಅಪ್ಪ ಪಕ್ಕದ ಕುರ್ಚಿಯನ್ನು ಅವರಿಗೆಂದು ಎಳೆದರು.