ಏಳನೇ ಶೆಡ್ಡಿನ ಅಧಿಕೃತ ಮರಣ

ಹಳೆಯ ಕೈಗಾರಿಕಾ ಪ್ರದೇಶಕ್ಕೆ ಹೊಸ ಜೀವ ತುಂಬುವ ಹಸಿರು ಯೋಜನೆಯಡಿ, ಸತ್ತಿರುವ ಶೆಡ್ಡುಗಳನ್ನು ಮಾತ್ರ ಬದುಕಿಸತಕ್ಕದ್ದೆಂದು ಪ್ರಾಧಿಕಾರವು ತೀರ್ಮಾನಿಸಿತು. ನಿಯಮದಲ್ಲಿ ತಪ್ಪೇನೂ ಇರಲಿಲ್ಲ. ಬದುಕಿರುವುದನ್ನು ಬದುಕಿಸುವುದು ದುಂದುವೆಚ್ಚ.

ಪೇಚಿಗೆ ಸಿಕ್ಕಿದವನು ಏಳನೇ ಶೆಡ್ಡಿನ ಲೇತ್ ಮೇಸ್ತ್ರಿ. ಅಕ್ಕಪಕ್ಕದ ಶೆಡ್ಡುಗಳೆಲ್ಲ ಎಂದೋ ಬಾಗಿಲು ಹಾಕಿ, ಚಾವಣಿಯ ಮೇಲೆ ಕಾಡುಬಳ್ಳಿ ಹಬ್ಬಿಸಿಕೊಂಡು, ಹಸಿರಿನ ಪರಿಶೀಲನೆಯಲ್ಲಿ ಮೊದಲ ದರ್ಜೆಯಲ್ಲಿ ಪಾಸಾಗಿದ್ದವು. ಮೇಸ್ತ್ರಿಯದು ಮಾತ್ರ ನಾಚಿಕೆಯಿಲ್ಲದೆ ನಡೆಯುತ್ತಿತ್ತು. ಅವನೂ ಹೆಂಡತಿಯೂ ಸರದಿಯ ಮೇಲೆ ಲೇತ್ ಯಂತ್ರದ ಮುಂದೆ ನಿಂತು ಗಿರಣಿಗಳಿಗೆ ಕಬ್ಬಿಣದ ಶಾಫ್ಟು ಕಡೆದುಕೊಡುತ್ತಿದ್ದರು. ಯೋಜನೆಗೆ ಸೇರದಿದ್ದರೆ ಶೆಡ್ಡು ಖಾಲಿ ಮಾಡಬೇಕು. ಸೇರಬೇಕಾದರೆ ಸಾಯಬೇಕು.

“ಸಾರ್, ಈ ಲೇತೇ ನಮ್ಮ ಅನ್ನ,” ಎಂದು ಮೇಸ್ತ್ರಿ ಗೋಗರೆದ.

“ಯಾರ್ರೀ ಕಿತ್ಕೋತಾ ಇರೋದು? ಒಂದೇ ಒಂದು ದಿನ ಸಾಯಿರಿ. ಒಂದು ಶ್ರದ್ಧಾಂಜಲಿ ಸಭೆ, ಆಮೇಲೆ ನಾವೇ ಬದುಕಿಸ್ತೀವಲ್ಲ,” ಎಂದರು ಪುನರುಜ್ಜೀವನಾಧಿಕಾರಿ. ಮೃದು ಸ್ವಭಾವದವರು. ಬೇರೆಯವರಾಗಿದ್ದರೆ ವಾರಗಟ್ಟಲೆ ಸಾಯಿಸುತ್ತಿದ್ದರು.

“ಸಾಯೋಣ ಬಿಡಿ,” ಎಂದಳು ಹೆಂಡತಿ. “ಆದ್ರೆ ಗಿರಣಿಯೋರಿಗೆ ಅವತ್ತೇ ಸಂಜೆ ಶಾಫ್ಟು ಕೊಡ್ತೀನಿ ಅಂದಿದೀನಿ. ನಾನು ಒಳಗೇ ಇರ್ತೀನಿ. ಮೈಕು ಸುಮ್ಮನಾದ ತಕ್ಷಣ ಲೇತ್ ಹಾಕ್ತೀನಿ.” ಮೇಸ್ತ್ರಿ ತಲೆಯಾಡಿಸಿದ. ಮದುವೆಯಾದಂದಿನಿಂದ ಅವನಿಗೆ ಅದು ಚೆನ್ನಾಗಿ ರೂಢಿಯಾಗಿತ್ತು.

ಸಭೆಯ ದಿನ ಪಕ್ಕದ ಶೆಡ್ಡಿನಿಂದ ಬಳ್ಳಿಯನ್ನು ಎಳೆದು ಇವನ ಚಾವಣಿಗೆ ಹೊದಿಸಲಾಯಿತು. ಮುಖ್ಯ ಅತಿಥಿಗಳು ದಿವಂಗತ ಶೆಡ್ಡಿನ ದುಡಿಮೆಯನ್ನು ಬಾಯಿ ತುಂಬ ಹೊಗಳಿದರು. ಮುಂದಿನ ಸಾಲಿನಲ್ಲಿ ಕೂತ ಮೇಸ್ತ್ರಿಗೆ ನಿಜವಾಗಿಯೂ ಕಣ್ಣೀರು ಬಂತು. ಬದುಕಿದ್ದಾಗ ಒಬ್ಬರೂ ಇಷ್ಟು ಒಳ್ಳೆಯ ಮಾತು ಆಡಿರಲಿಲ್ಲ.

ಕೊನೆಗೆ, ಅಗಲಿದ ಶೆಡ್ಡಿನ ಗೌರವಾರ್ಥ ಎಲ್ಲರೂ ಎದ್ದು ನಿಂತು ಮೌನ ಆಚರಿಸಿದರು. ಮೌನದ ವಿಷಯ ಹೆಂಡತಿಗೆ ಯಾರೂ ಹೇಳಿರಲಿಲ್ಲ. ಮೈಕು ಸುಮ್ಮನಾಯಿತು, ಸಭೆ ಮುಗಿಯಿತು ಎಂದುಕೊಂಡು ಅವಳು ಸ್ವಿಚ್ಚು ಒತ್ತಿದಳು. ಲೇತು ಗರ್ರೆಂದು ತಿರುಗತೊಡಗಿತು.

“ಏನ್ರೀ ಅದು?” ಎಂದರು ಮುಖ್ಯ ಅತಿಥಿಗಳು.

“ಧ್ವನಿಮುದ್ರಣ ಸಾರ್,” ಎಂದರು ಅಧಿಕಾರಿ, ಕಣ್ಣು ಮಿಟುಕಿಸದೆ. “ಶೆಡ್ಡು ಬದುಕಿದ್ದಾಗಿನ ಸದ್ದು. ನಮ್ಮ ನಾವೀನ್ಯ ವಿಭಾಗದ ಸಾಧನೆ.”

ಅತಿಥಿಗಳು ಕಣ್ಣು ಮುಚ್ಚಿ ಕೇಳಿದರು. “ಥೇಟ್ ನಿಜವಾದ ಲೇತ್ ಥರಾನೇ ಇದೆಯಲ್ರೀ! ದಿನಾ ಹಾಕ್ಸಿ.”

ಮಾರನೆಯ ದಿನವೇ ಆದೇಶ ಹೊರಬಿತ್ತು: ‘ಏಳನೇ ಶೆಡ್ಡು ಮೃತಪಟ್ಟಿರುವುದು ದೃಢಪಟ್ಟಿದ್ದು, ಕಚೇರಿಯ ವೇಳೆಯಲ್ಲಿ ಅದರ ಸದ್ದನ್ನು ತಪ್ಪದೆ ಕೇಳಿಸತಕ್ಕದ್ದು. ಹಾಲಿ ಮೇಸ್ತ್ರಿಯನ್ನು ಸದ್ದಿನ ಉಸ್ತುವಾರಿಯೆಂದು ಪರಿಗಣಿಸಿ, ಶೆಡ್ಡನ್ನು ಆತನ ಸುಪರ್ದಿನಲ್ಲೇ ಉಳಿಸಿದೆ.’

ಈಗ ಮುಂಬಾಗಿಲಿಗೆ ಪ್ರವಾಸಿಗರು ಬರುತ್ತಾರೆ, ಹಿಂಬಾಗಿಲಿಗೆ ಗಿರಣಿಯವರು. ಬಳ್ಳಿಯೂ ಚೆನ್ನಾಗಿ ಬೇರುಬಿಟ್ಟಿದೆ. ಮೊನ್ನೆ ಪಕ್ಕದ ಶೆಡ್ಡಿನಲ್ಲಿ ಹೊಸದಾಗಿ ಕಂಪನಿ ತೆರೆದಿರುವ ಯುವಕ ಬಂದು, “ಅಂಕಲ್, ಮೀಟಿಂಗ್ ಇದೆ. ವಾಲ್ಯೂಮ್ ಸ್ವಲ್ಪ ಕಮ್ಮಿ ಮಾಡ್ತೀರಾ?” ಎಂದು ಕೇಳಿದ.

“ಅದಕ್ಕೇನಂತೆ,” ಎಂದು ಮೇಸ್ತ್ರಿ ಒಳಗೆ ಕೂಗಿ ಹೇಳಿದ. ಹೆಂಡತಿ ಲೇತಿನ ವೇಗ ಇಳಿಸಿದಳು.

“ರೆಕಾರ್ಡಿಂಗಲ್ಲಿ ಇದೇ ಅನುಕೂಲ ನೋಡಿ,” ಎಂದ ಯುವಕ, ಸಮಾಧಾನದಿಂದ. “ನಿಜವಾದ ಲೇತ್ ಆಗಿದ್ರೆ ಯಾರ ಮಾತು ಕೇಳ್ತಿತ್ತು?”

“ಅದೂ ನಿಜಾನೇ,” ಎಂದ ಮೇಸ್ತ್ರಿ, ಕೈಗಂಟಿದ ಕಬ್ಬಿಣದ ಚೂರು ಕೊಡವಿಕೊಳ್ಳುತ್ತ.