ಸುಣ್ಣ ಬಳಿದ ಮರದಿಂದ ಜಿಂಕೆ ಬೇಟೆ

‘ಗೊತ್ತಿಲ್ಲ’ ಎಂಬ ಮೂರಕ್ಷರವನ್ನು ಹೊತ್ತಿಗೆ ಸರಿಯಾಗಿ ಹೇಳಲು ಬಾರದವನು ಸರ್ಕಾರಿ ನೌಕರಿಗೆ ಸೇರಬಾರದು. ಸೇರಿದರೂ ಡ್ರಾಯಿಂಗ್ ಮೇಷ್ಟ್ರಂತೂ ಆಗಲೇಬಾರದು. ಲೆಕ್ಕದ ಮೇಷ್ಟ್ರನ್ನು ಯಾರಾದರೂ ಬೀದಿಯಲ್ಲಿ ನಿಲ್ಲಿಸಿ ‘ಸ್ವಲ್ಪ ಭಾಗಾಕಾರ ಮಾಡಿಕೊಡಿ ಸಾರ್’ ಎಂದದ್ದನ್ನು ನಾನು ಕಂಡಿಲ್ಲ. ನನಗೆ ಮಾತ್ರ ಅರಸೀಕೆರೆಯ ತುಂಬ ಕೆಲಸ. ಮದುವೆ ಮನೆಯ ಬೋರ್ಡು, ನಾಟಕದವರ ಅರಮನೆ ಪರದೆ, ಗಣಪತಿಯ ಸೊಂಡಿಲಿಗೆ ಬಣ್ಣ, ಎಲ್ಲಕ್ಕೂ ನಾನೇ. ಒಮ್ಮೆ ಸ್ಟೇಷನ್ ರಸ್ತೆಯ ಹೋಟೆಲಿನ ಗೋಡೆಗೆ ‘ಇಲ್ಲಿ ಉಗುಳಬಾರದು’ ಎಂದು ಎರಡು ಗಂಟೆ ಕೂತು, ಅಕ್ಷರಗಳಿಗೆ ನೆರಳಿಟ್ಟು ಬರೆದುಕೊಟ್ಟೆ. ‘ಎಷ್ಟು ಲಕ್ಷಣವಾಗಿದೆ ಮೇಷ್ಟ್ರೇ!’ ಎಂದು ಹೇಳುವುದಕ್ಕೆ ಬಾಯಿ ಖಾಲಿ ಬೇಕಲ್ಲ, ಮಾಲೀಕರು ಎಲೆಯಡಿಕೆಯನ್ನು ಅಲ್ಲೇ ಉಗುಳಿ ಹೇಳಿದರು. ಅಷ್ಟಾದರೂ ನನಗೆ ಬುದ್ಧಿ ಬರಲಿಲ್ಲ. ಬಂದಿದ್ದರೆ ಹೊಂಗೆ ಮರದ ಮೇಲೆ ಬಿಲ್ಲು ಬಾಣ ಇಟ್ಟುಕೊಂಡು, ಒಬ್ಬ ದೊಡ್ಡ ಅಧಿಕಾರಿಯ ಪಕ್ಕದಲ್ಲಿ ಕೂತು ಜಿಂಕೆಗೆ ಕಾಯುವ ಪ್ರಸಂಗ ಬರುತ್ತಿರಲಿಲ್ಲ.

ಇದು ಶಾನುಭೋಗರೂ ಪಟೇಲರೂ ಇನ್ನೂ ಹಳ್ಳಿಗಳನ್ನು ಆಳುತ್ತಿದ್ದ ಕಾಲದ ಮಾತು. ನಮ್ಮ ಕಡೆಗೆ ಆಗ ಒಬ್ಬ ಸಾಹೇಬರು ಬಂದರು. ಯಾವ ಕಚೇರಿ, ಯಾವ ಹುದ್ದೆ ಎಂದು ಕೇಳಬೇಡಿ; ಅವರ ಮಕ್ಕಳು ಈಗ ಅದಕ್ಕಿಂತ ದೊಡ್ಡ ಹುದ್ದೆಗಳಲ್ಲಿದ್ದಾರೆ. ರೈತರ ಕೋವಿ ಲೈಸೆನ್ಸಿನ ಅರ್ಜಿಗಳು ಅವರ ಮೇಜು ದಾಟಿಯೇ ಮುಂದೆ ಹೋಗಬೇಕಿತ್ತು, ಮತ್ತು ಮೇಷ್ಟ್ರುಗಳ ವರ್ಗಾವಣೆಗೆ ಸಹಿ ಹಾಕುವವರು ಅವರಿಗೆ ಷಡ್ಡಕರಾಗಬೇಕಿತ್ತು, ಇಷ್ಟು ತಿಳಿದಿದ್ದರೆ ಸಾಕು. ಸಾಹೇಬರಿಗೆ ಶಿಕಾರಿಯ ಹುಚ್ಚು. ಅವರು ಶಿಕಾರಿ ಮಾಡಿದ್ದನ್ನು ಕಂಡವರಿಲ್ಲ, ಶಿಕಾರಿಯ ಮಾತಾಡಿದ್ದನ್ನು ಕೇಳದವರಿಲ್ಲ. ಸಕಲೇಶಪುರದ ಕಡೆ ಕಾಫಿ ತೋಟ ಮಾರಿ ತನ್ನ ದೇಶಕ್ಕೆ ಹೊರಟ ದೊರೆಯೊಬ್ಬ ಅವರಿಗೆ ಒಂದು ಕಟ್ಟು ಅಮೆರಿಕದ ಪತ್ರಿಕೆಗಳನ್ನು ಕೊಟ್ಟು ಹೋಗಿದ್ದ. ಅದರಲ್ಲೊಂದು ಬಣ್ಣದ ಚಿತ್ರ: ಬಿಳಿಯನೊಬ್ಬ ಮರದ ಮೇಲೆ ಅಟ್ಟಣೆ ಕಟ್ಟಿ ಕೂತು, ಬಿಲ್ಲು ಬಾಣ ಹಿಡಿದು, ಬೆಳ್ಳಗಿನ ಬಾಲವೆತ್ತಿದ ಜಿಂಕೆಗೆ ಗುರಿಯಿಟ್ಟಿದ್ದಾನೆ. ಅಂದಿನಿಂದ ಸಾಹೇಬರಿಗೆ ಬಂದೂಕವೆಂದರೆ ತಾತ್ಸಾರ. ‘ಬಂದೂಕ ಹೇಡಿಗಳದ್ದು ಕಣ್ರೀ. ಗಂಡಸಾದವನು ಬಿಲ್ಲಿನಲ್ಲಿ ಹೊಡೀಬೇಕು’ ಎಂದರಂತೆ. ಕಚೇರಿಗೆ ಕಚೇರಿಯೇ ‘ಹೌದು ಸಾರ್’ ಎಂದಿತಂತೆ. ಬಿಲ್ಲು ವಿದ್ಯೆ ಬಲ್ಲವರು ಯಾರಿದ್ದಾರೆ ಎಂದು ಕೇಳಿದ್ದಕ್ಕೆ ಯಾರೋ ಪುಣ್ಯಾತ್ಮರು ನನ್ನ ಹೆಸರು ಹೇಳಿದರಂತೆ.

ಅದಕ್ಕೂ ಕಾರಣವಿತ್ತು. ನನ್ನ ಹೆಂಡತಿ ಬೇಲೂರಿನ ಹೆಣ್ಣುಮಕ್ಕಳ ಶಾಲೆಯಲ್ಲಿ ಟೀಚರು. ನಾನು ಅರಸೀಕೆರೆಯಲ್ಲಿ ಒಂಟಿ ಕೋಣೆಯ ಮೇಷ್ಟ್ರು. ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ಬಸ್ಸು ಹತ್ತಿದರೆ, ಜಾವಗಲ್ಲಿನಲ್ಲಿ ಬಸ್ಸು ನೀರು ಕುಡಿದು, ಹಳೇಬೀಡಿನಲ್ಲಿ ಡ್ರೈವರು ಕಾಫಿ ಕುಡಿದು, ಮನೆ ಸೇರುವಷ್ಟರಲ್ಲಿ ದೀಪ ಹಚ್ಚಿರುತ್ತಿದ್ದರು. ಭಾನುವಾರ ಹೆಂಡತಿಗೆ ವಾರದ ಬಟ್ಟೆ, ವಾರದ ಹಿಟ್ಟು, ತಿದ್ದಬೇಕಾದ ಕಾಪಿ ಪುಸ್ತಕಗಳು. ‘ಕಾಲಿಗೆ ಅಡ್ಡ ಸಿಕ್ಕಬೇಡಿ, ಎಲ್ಲಾದರೂ ಹೋಗಿ ಕೂತ್ಕೊಳ್ಳಿ’ ಎನ್ನುವಳು. ನಾನು ದೇವಸ್ಥಾನಕ್ಕೆ ಹೋಗಿ ಶಿಲಾಬಾಲಿಕೆಯರ ಚಿತ್ರ ಬರೆಯುತ್ತಿದ್ದೆ. ಅವರಲ್ಲಿ ಒಬ್ಬಳು ಬಿಲ್ಲು ಹಿಡಿದ ಬೇಟೆಗಾತಿ. ಅವಳನ್ನು ಹತ್ತು ಹನ್ನೆರಡು ಸಲ ಬರೆದು ಶಾಲೆಯಲ್ಲೆಲ್ಲ ನೇತು ಹಾಕಿದ್ದೆ. ಬಿಲ್ಲಿಗೂ ನನಗೂ ಇದ್ದ ಸಂಬಂಧ ಅಷ್ಟೇ. ವರ್ಗಾವಣೆಗೆ ಮೂರು ಅರ್ಜಿ ಹಾಕಿ ಕೂತಿದ್ದೆ, ಒಂದಕ್ಕೂ ಜವಾಬಿರಲಿಲ್ಲ. ಒಂದು ಶನಿವಾರ ಬಾಗಿಲು ತೆರೆದ ಮೂರು ವರ್ಷದ ಮಗಳು ಒಳಗೆ ತಿರುಗಿ, ‘ಅಮ್ಮಾ, ಅರಸೀಕೆರೆ ಮಾಮ ಬಂದ್ರು’ ಎಂದು ಕೂಗಿದಳು. ಹೆಂಡತಿ ನಕ್ಕಳು, ನಾನೂ ನಕ್ಕೆ. ಆ ರಾತ್ರಿಯೇ ಕೂತು ನಾಲ್ಕನೆಯ ಅರ್ಜಿ ಬರೆದೆ.

ಹೀಗಿರುವಾಗ ಸಾಹೇಬರು ಕರೆಸಿದರು. ‘ಬಿಲ್ಲಿನ ವಿಷಯ ನಿಮಗೆ ಗೊತ್ತಂತಲ್ಲ ಮೇಷ್ಟ್ರೇ?’ ಎಂದರು. ಆ ಮೂರಕ್ಷರ ನನ್ನ ನಾಲಗೆಯ ತುದಿಗೇ ಬಂದಿತ್ತು. ಅಷ್ಟರಲ್ಲಿ ಅವರು, ‘ನಿಮ್ಮ ಸಂಸಾರ ಬೇಲೂರಲ್ಲಿದೆಯಂತೆ, ಪಾಪ. ನಮ್ಮ ಷಡ್ಡಕರು ಮುಂದಿನ ತಿಂಗಳು ಬರ್ತಾರೆ, ಮಾತಾಡೋಣ’ ಎಂದುಬಿಟ್ಟರು. ‘ಸುಮಾರಾಗಿ ಗೊತ್ತು ಸಾರ್. ಹೊಯ್ಸಳರ ಪದ್ಧತಿ’ ಎಂದೆ ನಾನು. ಹೊಯ್ಸಳರ ಪದ್ಧತಿ! ಆ ಮಾತು ನನ್ನ ಬಾಯಲ್ಲಿ ಎಲ್ಲಿಂದ ಬಂತೋ ದೇವರಿಗೇ ಗೊತ್ತು.

ಬಾಣಾವರದ ಮೇದರವನಿಂದ ಬಿದಿರಿನ ಬಿಲ್ಲು ಮಾಡಿಸಿ, ಸಾಹೇಬರ ಬಂಗಲೆಯ ಹಿತ್ತಲಲ್ಲಿ ಪಾಠ ಶುರುವಾಯಿತು. ಕಲ್ಲಿನಲ್ಲಿ ಕಂಡದ್ದನ್ನೇ ಹೇಳಿಕೊಟ್ಟೆ: ಬಲ ಮೊಣಕಾಲು ಸ್ವಲ್ಪ ಬಾಗಬೇಕು, ಸೊಂಟ ಎಡಕ್ಕೆ ಹೊರಳಬೇಕು, ಕತ್ತು ಓರೆಯಾಗಬೇಕು, ಮುಖದಲ್ಲಿ ಮುಗುಳ್ನಗೆ ಇರಬೇಕು. ಶಿಲಾಬಾಲಿಕೆಗೆ ಸೊಂಟವಿತ್ತು, ಸಾಹೇಬರಿಗೆ ಆ ಜಾಗದಲ್ಲಿ ಬೆಲ್ಟಿತ್ತು. ಆದರೂ ಅವರು ಬೆವರು ಸುರಿಸಿ ಹೊರಳುತ್ತಿದ್ದರು. ಬಾಗಿಲಲ್ಲಿ ನಿಂತ ಜವಾನರು ಒಳಗೊಳಗೇ ತುಟಿ ಕಚ್ಚಿಕೊಳ್ಳುತ್ತಿದ್ದರು. ಈ ಸುದ್ದಿಯನ್ನು ಬೇಲೂರಿನಲ್ಲಿ ಹೇಳಿದಾಗ ನನ್ನ ಹೆಂಡತಿ ಕೈಯಲ್ಲಿದ್ದ ಸೌಟನ್ನು ಕೆಳಗಿಟ್ಟಳು. ‘ಸೊಳ್ಳೆ ಹೊಡೆಯೋಕೆ ಬರಲ್ಲ ನಿಮಗೆ, ಜಿಂಕೆ ಹೊಡೀತೀರಾ? ನಮ್ಮನೇಲಿ ಬೆಳ್ಳುಳ್ಳೀನೂ ತಿನ್ನಲ್ಲ ಕಣ್ರೀ!’ ಎಂದಳು. ‘ವರ್ಗ ಆಗುತ್ತೆ ಕಣೇ’ ಎಂದೆ. ಅವಳು ಮತ್ತೆ ಸೌಟು ತೆಗೆದುಕೊಂಡಳು. ‘ಹಾಗಾದ್ರೆ ತುಂಬ ನೋವಾಗದ ಹಾಗೆ ಹೊಡೀರಿ’ ಎಂದಳು.

ಜಾಗ ಗೊತ್ತು ಮಾಡಿದ್ದು ಹಾರನಹಳ್ಳಿಯಿಂದಾಚೆ ಗುಡ್ಡದ ಬುಡದ ಒಂದು ಸಣ್ಣ ಹಳ್ಳಿಯಲ್ಲಿ, ಕೆಂಚಪ್ಪನೆಂಬ ರೈತನ ಅವರೆ ಹೊಲದ ಅಂಚಿನಲ್ಲಿ. ಗುಡ್ಡದಿಂದ ಇಳಿಯುವ ಜಿಂಕೆ ಹಿಂಡು ಎರಡು ವರ್ಷದಿಂದ ಅವನ ಬೆಳೆಯನ್ನು ಹೂವಿನಲ್ಲೇ ಸವರಿ ಹಾಕುತ್ತಿತ್ತು. ಒಂದು ಕೋವಿಗೆ ಲೈಸೆನ್ಸು ಕೊಡಿ ಎಂಬ ಅವನ ಅರ್ಜಿ ಸಾಹೇಬರ ಮೇಜಿನ ಮೇಲೇ ಇತ್ತು. ‘ಲೈಸೆನ್ಸು ಯಾಕಯ್ಯ, ನಾನೇ ಬಂದು ಹೊಡೀತೀನಿ’ ಎಂದಿದ್ದರು ಅವರು. ಕೆಂಚಪ್ಪ ಓದು ಬಾರದವನು, ಆದರೆ ಜಿಂಕೆಯ ಮನಸ್ಸನ್ನು ಓದಿಕೊಂಡಿದ್ದ. ಹಿಡಿ ಮಣ್ಣು ಎತ್ತಿ ತೂರಿ ಗಾಳಿ ನೋಡಿದ; ಹಿಕ್ಕೆ, ಗೊರಸಿನ ಗುರುತು, ಮೈ ಉಜ್ಜಿದ ತೊಗಟೆ ಎಲ್ಲ ನೋಡಿ ಒಂದು ಹೊಂಗೆ ಮರ ಆರಿಸಿದ. ಅಟ್ಟಣೆ ಕಟ್ಟಿ ಸೊಪ್ಪಿನ ಮರೆ ಮಾಡಿದ. ಸ್ವಲ್ಪ ದೂರದಿಂದ ತೋರಿಸುತ್ತ ಪಿಸುಗುಟ್ಟಿದ: ‘ಮೇಷ್ಟ್ರೆ, ಇನ್ನು ಎಂಟು ದಿನ ಈ ಮರದ ತಾವ ಯಾರೂ ಸುಳೀಕೂಡ್ದು. ನಾನೂ ಬಳಸ್ಕೊಂಡೇ ಹೋಯ್ತೀನಿ. ಸಾಹೇಬ್ರು ಒಂದನ್ನ ಕೆಡವಿದ್ರೆ ಮಿಕ್ಕವು ಒಂದು ತಿಂಗ್ಳು ಇತ್ಲಾಗೆ ತಲೆ ಹಾಕಾಕಿಲ್ಲ, ಅಷ್ಟ್ರಾಗೆ ಅವರೆ ಕೊಯ್ಕತೀನಿ. ಇಲ್ದಿದ್ರೆ ಈ ಸಲಾನೂ ಮನೆಗೆ ಒಂದು ಕಾಳಿಲ್ಲ ಸಾಮಿ.’ ಅವನಿಗೆ ಅವರೆ, ನನಗೆ ಬೇಲೂರು. ಇಬ್ಬರ ಹಣೆಬರಹವೂ ಒಂದೇ ಜಿಂಕೆಯ ಮೇಲೆ ನಿಂತಿತ್ತು.

ಆ ದಿನ ಮಧ್ಯಾಹ್ನ ಜೀಪಿನಲ್ಲಿ ಹೋದೆವು. ಅರ್ಧ ಮೈಲಿ ದೂರದಿಂದಲೇ ಮರ ಕಂಡಿತು. ಕಾಣದಿರಲು ಹೇಗೆ ಸಾಧ್ಯ? ಬುಡದಿಂದ ಆಳೆತ್ತರದವರೆಗೆ ಸುಣ್ಣ, ನಡುವೆ ಕೆಮ್ಮಣ್ಣಿನ ಪಟ್ಟೆ. ಅಟ್ಟಣೆಗೆ ಮಾವಿನ ತೋರಣ. ಮರದ ಎದುರಿಗೆ ಎರಡು ಬಾಳೆಕಂದು. ಸುಣ್ಣದ ಕಲ್ಲುಗಳಿಂದ ನೆಲದ ಮೇಲೆ ‘ಸುಸ್ವಾಗತ’ ಎಂದು ಬರೆದಿದ್ದರು. ‘ಗ’ ಸ್ವಲ್ಪ ಸೊಟ್ಟಗಿತ್ತು. ಜೀಪು ನಿಂತ ಕೂಡಲೇ ವಾಲಗ ಮೊಳಗಿತು. ಶಾನುಭೋಗರು ಹಾರ ಹಿಡಿದು ಓಡಿ ಬಂದರು. ಸಾಹೇಬರ ಮೊಕ್ಕಾಂ ಎಂದರೆ ಏನೇನಾಗಬೇಕೋ ಅದೆಲ್ಲ ಆಗಿತ್ತು. ಮೊಕ್ಕಾಂ ಬಂಗಲೆಯಲ್ಲೋ ಮರದ ಮೇಲೋ ಎಂಬುದು ಅವರ ದಫ್ತರಕ್ಕೆ ಸಂಬಂಧಿಸಿದ ವಿಷಯವಲ್ಲ. ಕೆಂಚಪ್ಪ ತಲೆಯ ಮೇಲೆ ಕೈ ಹೊತ್ತು ನಿಂತಿದ್ದ. ‘ಅಯ್ಯೋ ಶಿವನೇ! ಎಂಟು ದಿನ ನನ್ನ ಹೆಜ್ಜೆ ವಾಸ್ನೇನೂ ತಾಗ್ದಂಗೆ ಕಾದಿವ್ನಿ, ಏನ್ ಸಾಮಿ ನೀವು ಮಾಡಿದ್ದು?’ ಎಂದ. ಶಾನುಭೋಗರು ಹಲ್ಲು ಕಚ್ಚಿ, ‘ಸುಮ್ಮನಿರಯ್ಯ. ಸಾಹೇಬರು ಬರೋ ಕಡೆ ಸುಣ್ಣ ಹೊಡೀದಿದ್ರೆ ಮೆಮೋ ಬರೋದು ನನಗೆ, ನಿನ್ನ ಜಿಂಕೆಗಲ್ಲ’ ಎಂದರು. ಸಾಹೇಬರು ಮರವನ್ನು ಒಂದು ಸುತ್ತು ಹಾಕಿ ನೋಡಿ, ‘ಅಚ್ಚುಕಟ್ಟಾಗಿದೆ’ ಎಂದು ಮೆಚ್ಚಿದರು. ನನಗೆ ಅಲ್ಲೇ ಕೂತು ಅಳೋಣವೆನ್ನಿಸಿತು.

ಹೇಗೋ ವಾಲಗದವರನ್ನು ಕಳಿಸಿ, ಸಾಹೇಬರನ್ನು ಕೆಳಗಿಂದ ನಾಲ್ಕು ಜನ ನೂಕಿ, ಮೇಲಿಂದ ನಾನೊಬ್ಬ ಎಳೆದು, ಅಟ್ಟಣೆಯ ಮೇಲೆ ಕೂರಿಸಿದ್ದಾಯಿತು. ಕೆಂಚಪ್ಪ ಬೇಲಿಯ ಮರೆಯಲ್ಲಿ ಅಡಗಿದ. ಹತ್ತು ನಿಮಿಷದಲ್ಲಿ ಸಾಹೇಬರು ಗೊರಕೆ ಹೊಡೆಯತೊಡಗಿದರು. ನಾನು ಮೊಸರನ್ನದ ಗಂಟು ತೊಡೆಯ ಮೇಲಿಟ್ಟುಕೊಂಡು, ಜಿಂಕೆ ಬಂದರೆ ಸಾಕಪ್ಪ ಎಂದು ಒಂದು ಸಲ, ಬಾರದಿದ್ದರೆ ಸಾಕಪ್ಪ ಎಂದು ಇನ್ನೊಂದು ಸಲ ಚೆನ್ನಕೇಶವನನ್ನು ಬೇಡಿಕೊಳ್ಳುತ್ತಿದ್ದೆ. ಅವನಿಗಾದರೂ ಏನು ಮಾಡಬೇಕೆಂದು ತೋಚಿರಲಾರದು. ಬಿಸಿಲು ಇಳಿಯುವ ಹೊತ್ತಿಗೆ, ನಂಬುತ್ತೀರೋ ಇಲ್ಲವೋ, ಜಿಂಕೆ ಬಂತು. ಕೆಂಚಪ್ಪನ ಲೆಕ್ಕ ಅಷ್ಟು ಸರಿಯಾಗಿತ್ತು. ಸುಣ್ಣ, ತೋರಣ, ವಾಲಗ ಎಲ್ಲ ಸೇರಿಯೂ ಅದನ್ನು ಕೆಡಿಸಲಾಗಿರಲಿಲ್ಲ. ಕವಲುಗೊಂಬಿನ ದೊಡ್ಡ ಗಂಡು, ಹಿಂದೆ ಹೆಣ್ಣುಗಳು. ಸಾಹೇಬರ ಭುಜ ಅಲುಗಿಸಿದೆ. ಅವರು ಎಚ್ಚೆತ್ತು, ಬಿಲ್ಲು ಹಿಡಿದು ಎದ್ದು ನಿಂತು, ಹೊಯ್ಸಳರ ಪದ್ಧತಿಯಂತೆ ಸೊಂಟ ಹೊರಳಿಸಿದರು. ಅಟ್ಟಣೆ ಕಿರ್ರೆಂದಿತು. ಅವರ ಮುಖ ಬಿಳುಚಿತು. ಮೆಲ್ಲನೆ ಕೂತು, ಬಿಲ್ಲನ್ನು ನನ್ನ ಕೈಗೆ ತುರುಕಿ, ‘ನೀವೇ ಹೊಡೀರಿ. ಹೆಸರು ನನ್ನದಿರಲಿ’ ಎಂದು ಪಿಸುಗುಟ್ಟಿದರು.

ನಾನು ಬಾಣ ಹೂಡಿದೆ. ಜಿಂಕೆ ಹತ್ತು ಮಾರು ದೂರದಲ್ಲಿ ಅವರೆಯ ಹೂ ಕೀಳುತ್ತಿತ್ತು. ಒಂದು ಕಿವಿ ನಮ್ಮ ಕಡೆ, ಒಂದು ಕಿವಿ ಗುಡ್ಡದ ಕಡೆ. ಒದ್ದೆ ಮೂಗು, ಮೈಮೇಲೆ ಬಿಸಿಲು. ಇಷ್ಟು ವರ್ಷ ಕಲ್ಲಿನ ಜಿಂಕೆ ನೋಡಿ ಬರೆದವನು ನಾನು. ಜೀವದ ಜಿಂಕೆಯ ಕಾಲು ಎಷ್ಟು ಸಣ್ಣ ಎಂದು ಅವತ್ತೇ ಕಂಡದ್ದು. ‘ಅರಸೀಕೆರೆ ಮಾಮ’ ಎಂಬ ಕೂಗು ನೆನಪಾಯಿತು. ಕಣ್ಣು ಮುಚ್ಚಿ ಬಾಣ ಬಿಟ್ಟುಬಿಟ್ಟೆ. ಹೆದರಿ ಮುಚ್ಚಿದೆನೋ, ಬೇಕೆಂದೇ ಮುಚ್ಚಿದೆನೋ ಎಂದು ಕೇಳಿದರೆ ಈಗಲೂ ಹೇಳಲಾರೆ. ‘ಬಿತ್ತಾ?’ ಎಂದರು ಸಾಹೇಬರು. ‘ಬಾಳೆಕಂದಿಗೆ ಬಿತ್ತು ಸಾರ್’ ಎಂದೆ. ಜಿಂಕೆ ಬಾಲವೆತ್ತಿ, ಅದರ ಅಡಿಯ ಬಿಳುಪನ್ನು ನಮಗೆ ಚೆನ್ನಾಗಿ ತೋರಿಸಿ, ಅಷ್ಟೇನೂ ಅವಸರವಿಲ್ಲದೆ ಗುಡ್ಡ ಹತ್ತಿತು. ಬೇಲಿಯ ಮರೆಯಿಂದ ಕೆಂಚಪ್ಪ ಎದ್ದು ನಿಂತ.

ಕೆಳಗಿಳಿದರೆ ಶಾನುಭೋಗರು ಮಹಜರು ಹಿಡಿದು ಕಾದಿದ್ದರು. ಅದನ್ನು ಹಿಂದಿನ ದಿನವೇ ದುಂಡಗೆ ಬರೆದಿಟ್ಟಿದ್ದರು: ಸಾಹೇಬರು ಒಂದೇ ಬಾಣದಿಂದ ಜಿಂಕೆಯನ್ನು ಕೆಡವಿ ರೈತರ ಉಪದ್ರವ ನಿವಾರಿಸಿದ್ದನ್ನು ಪಂಚರು ಕಣ್ಣಾರೆ ಕಂಡಿರುತ್ತಾರೆ ಎಂದು. ‘ಆದರೆ ಬೀಳಲಿಲ್ಲವಲ್ಲ?’ ಎಂದೆ. ‘ಬರೆದಾಗಿದೆ ಮೇಷ್ಟ್ರೇ. ಚಿತ್ತು ಮಾಡಿದ್ರೆ ಕಾಗದ ಕೆಡುತ್ತೆ’ ಎಂದರು ಅವರು. ಪಂಚರು ಹೆಬ್ಬೆಟ್ಟು ಒತ್ತಿದರು. ‘ಸಾಹೇಬರು ಬಂದಿದ್ದಕ್ಕೆ ಸಾಕ್ಷಿ ಕಣೋ, ನಿನ್ನ ಅರ್ಜಿಗೂ ಒಳ್ಳೇದು’ ಎಂದು ಹೇಳಿ ಶಾನುಭೋಗರು ಕೆಂಚಪ್ಪನ ಹೆಬ್ಬೆಟ್ಟನ್ನೂ ಒತ್ತಿಸಿದರು. ನಾನು ಪಕ್ಕದಲ್ಲೇ ನಿಂತಿದ್ದೆ, ಓದು ಬಲ್ಲವನಾಗಿದ್ದೆ, ಬಾಯಿ ಮುಚ್ಚಿಕೊಂಡಿದ್ದೆ. ಜೀಪು ಹತ್ತುವಾಗ ಸಾಹೇಬರು, ‘ಫೋಟೋ ಒಂದು ಇಲ್ಲದ ಹಾಗಾಯ್ತು ಮೇಷ್ಟ್ರೇ. ನೀವೇ ಒಂದು ಚಿತ್ರ ಬರೆದುಕೊಡಿ’ ಎಂದರು.

ಬರೆದುಕೊಟ್ಟೆ. ಹದಿನೈದು ದಿನ ಕೂತು ಬರೆದೆ. ಸಾಹೇಬರಿಗೆ ಬೇಲೂರಿನ ಸೊಂಟ ಕೊಟ್ಟೆ, ಬೆಲ್ಟು ಬಿಚ್ಚಿಸಿದೆ, ಕಾಲ ಬಳಿ ಜಿಂಕೆಯನ್ನು ಕೆಡವಿದೆ. ಅದರ ಕಣ್ಣೊಂದು ಮಾತ್ರ ಎಷ್ಟು ತಿದ್ದಿದರೂ ಸಾಯಲಿಲ್ಲ. ಚಿತ್ರ ಕಟ್ಟು ಹಾಕಿಸಿಕೊಂಡು ಸಾಹೇಬರ ಕುರ್ಚಿಯ ಹಿಂದೆ ಏರಿತು. ತಿಂಗಳಲ್ಲಿ ನನಗೆ ಬೇಲೂರಿನ ಆರ್ಡರು ಬಂತು. ಮಗಳು ಒಂದು ವಾರ ‘ಮಾಮ ಊರಿಗೆ ಯಾವಾಗ ಹೋಗ್ತಾರೆ?’ ಎಂದು ಕೇಳಿದಳು, ಆಮೇಲೆ ಅಪ್ಪ ಎಂದಳು.

ಮರುವರ್ಷ ಅವರೆಯ ಕಾಲಕ್ಕೆ ಕೆಂಚಪ್ಪ ದೇವರ ದರ್ಶನಕ್ಕೆಂದು ಬಂದವನು ಮನೆ ಹುಡುಕಿಕೊಂಡು ಬಂದ. ಜಗಲಿಯಲ್ಲಿ ಕೂತು ಕಾಫಿ ಕುಡಿದ. ‘ಲೈಸೆನ್ಸು ಬಂತೇನಪ್ಪ?’ ಎಂದು ಕೇಳಿದೆ. ‘ಎಲ್ಲಿ ಬಂತು ಸಾಮಿ? ಕಚೇರಿಗೋಗಿ ಕೇಳಿದ್ರೆ, ಜಿಂಕೆ ಸತ್ತದೆ ಅಂತ ನಿನ್ನ ಹೆಬ್ಬೆಟ್ಟೇ ಐತೆ, ಗ್ವಾಡೆ ಮ್ಯಾಲೆ ಚಿತ್ರಾನೂ ಐತೆ, ಇನ್ಯಾಕೆ ಕೋವಿ ಅಂದ್ರು. ಚಿತ್ರ ನೋಡ್ದೆ. ಅದೇ ಕೊಂಬು, ಅದೇ ಕಿವಿ. ಶಾನೆ ಚೆಂದಾಗಿ ಬರ್ದಿದ್ದೀರಿ. ಸತ್ತೇಹೋಗದೆ ಅಂತ ನಂಗೂ ನಂಬ್ಕೆ ಬಂತು. ಊರಿಗೋಗಿ ನೋಡಿದ್ರೆ ಹೊಲ್ದಾಗೆ ಮೇಯ್ತಾ ನಿಂತೈತೆ.’ ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಹಗುರವಾಗುತ್ತಿತ್ತು. ನಾಚಿಕೆಯಾಗಿ, ನನಗೆ ಬರುವ ಒಂದೇ ವಿದ್ಯೆಯನ್ನು ಮುಂದೆ ಮಾಡಿದೆ. ‘ಜಿಂಕೆ ನಿನ್ನ ಹೊಲದಲ್ಲಿ ಮೇಯ್ತಿರೋ ಹಾಗೆ ಇನ್ನೊಂದು ಚಿತ್ರ ಬರೆದುಕೊಡ್ತೀನಿ ಕೆಂಚಪ್ಪ. ತಗೊಂಡು ಹೋಗಿ ತೋರಿಸು’ ಎಂದೆ.

‘ಬ್ಯಾಡಿ ಸಾಮಿ’ ಎಂದು ಅವನು ಎದ್ದುಬಿಟ್ಟ. ‘ಸತ್ತ ಜಿಂಕೆ ಬರ್ದಿದ್ದಕ್ಕೆ ಕೋವಿ ಹೋಯ್ತು. ಬದುಕಿರೋದನ್ನ ಬರುದ್ರೆ, ಜಿಂಕೆ ಮೇಯೋ ಜಾಗ ಕಾಡು ಅಂತ ಬರ್ಕೊಂಡು ಹೊಲಾನೂ ಕಿತ್ಕತಾರೆ.’ ಹೊರಡುವ ಮುಂಚೆ ಹೆಗಲ ಮೇಲಿನ ವಸ್ತ್ರದ ಗಂಟು ಬಿಚ್ಚಿ ಎರಡು ಸೇರಿನಷ್ಟು ಅವರೆಕಾಯಿಯನ್ನು ಜಗಲಿಯ ಮೇಲೆ ಸುರಿದ. ‘ಮೇಷ್ಟ್ರ ಮನೆಗೆ ಬರಿಗೈಲಿ ಬರಬಾರ್ದು ಅಂತ ತಂದೆ. ಅದು ಬಿಟ್ಟಿದ್ದು ಇಷ್ಟೇಯ’ ಎಂದ.

ಬೇಡವೆಂದು ಹೇಳಬೇಕಿತ್ತು. ಹೇಳಲಿಲ್ಲ. ಅವತ್ತು ಮನೆಯಲ್ಲಿ ಅವರೆಕಾಳಿನ ಹುಳಿ. ಸೊಗಡಿನ ಕಾಳು, ಊರೆಲ್ಲ ಘಮಘಮ. ಜಿಂಕೆ ಉಳಿಸಿ ಹೋದದ್ದನ್ನು ನಾನು ಎರಡು ಸಲ ಹಾಕಿಸಿಕೊಂಡು ಉಂಡೆ.