ಚರ್ಚಿನ ಮೆಟ್ಟಿಲ ಮೇಲೆ ಅವ್ವನ ರಂಗೋಲಿ

ಮನೆ ಕಟ್ಟುವವರು ಒಂದು ಕಡೆಯವರು, ಆ ಮನೆಯಲ್ಲಿ ಇರುವವರು ಇನ್ನೊಂದು ಕಡೆಯವರು ಆದರೆ, ಗೋಡೆಯ ಜೊತೆಗೆ ದಿನಾ ಒಂದು ನಗೆಯೂ ಏಳುತ್ತಲೇ ಇರುತ್ತದೆ.

ಚಂಡಮಾರುತದ ಮಳೆಗೆ ಹಳ್ಳ ಉಕ್ಕಿ, ನಾರಾಯಣಖೇಡದ ಹತ್ತಿರದ ನಮ್ಮೂರಿನಲ್ಲಿ ನಮ್ಮ ಮಣ್ಣಿನ ಮನೆ ಕುಸಿದು ಕುಂತಿತು. ಮುಂದೆ ಮನೆ ಕಟ್ಟಿಕೊಡಲು ಹೈದರಾಬಾದಿನಿಂದ ಸ್ವಯಂಸೇವಕರು ಬಂದು ನಮ್ಮೂರ ಚರ್ಚಿನಲ್ಲಿ ಇಳಿದುಕೊಂಡರು. ನಾವು ಹನುಮಪ್ಪನ ಒಕ್ಕಲು. ಅವರು ಅದನ್ನು ಕೇಳಲಿಲ್ಲ. ಮನೆಯಲ್ಲಿ ಎಷ್ಟು ಮಂದಿ ಮಲಗುತ್ತೀರಿ ಅಂತ ಕೇಳಿದರು, ಅಷ್ಟೇ.

ನಮ್ಮ ಅವ್ವನದು ಒಂದೇ ಹಟ: "ಮುಂದಿನ ಮಳಿಗಾಲ ನನ್ನ ಸ್ವಂತ ಮಾಳಿಗಿ ಕೆಳಗ."

೧. ಖಾಲಿ ತಟ್ಟೆ

ಮಧ್ಯಾಹ್ನದ ಊಟ ನಮ್ಮದೇ ಅಂದಳು ಅವ್ವ. ನಮ್ಮಲ್ಲಿ ತಟ್ಟೆ ಖಾಲಿಯಾದರೆ ಇನ್ನೂ ಬೇಕು ಅಂತ ಅರ್ಥ. ಆ ಹುಡುಗರಿಗೆ ತಟ್ಟೆಯಲ್ಲಿ ಏನೂ ಬಿಡಬಾರದೆಂಬ ನೇಮ. ಅವರು ಖಾಲಿ ಮಾಡಿದಂತೆ ಅವ್ವ ರೊಟ್ಟಿ ಹಾಕಿದಳು. ಹಾಕಿದಂತೆ ಅವರು ಖಾಲಿ ಮಾಡಿದರು. ಕಡೆಗೆ ಗೋಡೆ ಏರಬೇಕಾದವರು ಗೋಡೆಯ ನೆರಳಿಗೆ ಮಲಗಿಬಿಟ್ಟರು.

ನಾನು ಚರ್ಚಿನ ಪಾಸ್ಟರ್ ಹತ್ತಿರ ಹೋಗಿ, "ಹಿಂಗಾದ್ರ ಮಳಿ ಬರೋದ್ರಾಗ ಮನಿ ಏಳೂದಿಲ್ರಿ" ಅಂದೆ. ತಟ್ಟೆಯಲ್ಲಿ ಒಂದು ತುಂಡು ಬಿಡಿರಿ ಅಂತ ಅವರು ಹುಡುಗರಿಗೆ ಹೇಳಿಕೊಟ್ಟರು.

ಮರುದಿನ ಎಲ್ಲರೂ ಬಿಟ್ಟರು. ಅವ್ವನ ಮುಖ ಸಣ್ಣದಾಯಿತು. "ಪಾಪ, ಪುಂಡಿ ಪಲ್ಯ ಸೇರಲಿಲ್ಲ ಕಾಣ್ತದ. ತಡೀರಿ, ಝುಣಕ ಮಾಡ್ಕೊಂಡು ಬರ್ತೀನಿ."

೨. ಸೊಟ್ಟ ಹೊತ್ತು

ಅವ್ವ ಹನುಮಪ್ಪನ ಗುಡಿಗೆ ಹೋದಾಗ ಹುಡುಗರು ಬಾಗಿಲ ಚೌಕಟ್ಟು ನಿಲ್ಲಿಸಿದರು. ಬಂದವಳೇ, "ತೆಗೀರಿ ಅದನ್ನ" ಅಂದಳು.

ಅವರ ಮುಖಂಡರು ನಿವೃತ್ತ ಇಂಜಿನಿಯರು. ಗುಂಡು ಕಟ್ಟಿದ ದಾರ ಇಳಿಬಿಟ್ಟು, "ನೋಡ್ರಿ ಅಮ್ಮಾ, ಕೂದಲಿನಷ್ಟೂ ಸೊಟ್ಟ ಇಲ್ಲ" ಅಂತ ತೋರಿಸಿದರು.

"ಚೌಕಟ್ಟು ಸೊಟ್ಟ ಇಲ್ಲಪ್ಪ, ಹೊತ್ತು ಸೊಟ್ಟ ಅದ. ಈಗ ರಾಹುಕಾಲ."

ತೆಗೆದರು. ಚಹಾ ಕುಡಿದರು. ರಾಹುಕಾಲ ಕಳೆದ ಮೇಲೆ ಅರಿಶಿಣ ಕುಂಕುಮ ಹಚ್ಚಿಸಿ ಅದೇ ಜಾಗದಲ್ಲಿ ನಿಲ್ಲಿಸಿದರು. ಅವ್ವ ದೂರ ನಿಂತು ನೋಡಿ, "ಈಗ ನೋಡ್ರಿ, ಎಷ್ಟು ನೆಟ್ಟಗ ನಿಂತದ!" ಅಂದಳು.

ಇಂಜಿನಿಯರು ದಾರ ಸುತ್ತಿ ಚೀಲದಲ್ಲಿ ಇಟ್ಟುಕೊಂಡರು.

೩. ಒದ್ದೆ ಮೆಟ್ಟಿಲು

ಹುಡುಗರು ಬಂದಾಗಿನಿಂದ ಅವ್ವ ದಿನಾ ನಸುಕಿನಲ್ಲಿ ಚರ್ಚಿನ ಮುಂದೆಯೂ ರಂಗೋಲಿ ಹಾಕುತ್ತಿದ್ದಳು. "ನಮ್ಮ ಸಲುವಾಗಿ ಬಂದ ಮಂದಿ ಮಲಗ್ಯಾರ, ಬಾಗಲ ಮುಂದ ಬರೇ ಇರಬಾರದು" ಅನ್ನುತ್ತಿದ್ದಳು. ಪಾಸ್ಟರ್ ನಕ್ಕು, ರಂಗೋಲಿ ತುಳಿಯದೆ ದಾಟಿ ಹೋಗುತ್ತಿದ್ದರು.

ದೇವರ ದಯೆಯಿಂದ ಮಳೆಗೆ ಮುಂಚೆಯೇ ಮಾಳಿಗೆಯ ಕೆಲಸ ಮುಗಿಯಿತು. ಹೊರಡುವ ಹಿಂದಿನ ತಡರಾತ್ರಿ ಹುಡುಗರು ಉಳಿದ ಸಿಮೆಂಟಿನಲ್ಲಿ ಚರ್ಚಿನ ಮುರಿದ ಮೆಟ್ಟಿಲು ಸರಿಮಾಡಿದರು. ನಸುಕಿನಲ್ಲಿ ಅವ್ವ ಹೋಗಿ ನೋಡಿದರೆ ಮೆಟ್ಟಿಲು ಒದ್ದೆ! ಅವಳಿಗೆ ಕಣ್ಣು ತುಂಬಿ ಬಂತಂತೆ. "ಪುಣ್ಯಾತ್ಮರು, ಹೋಗೋ ದಿನ ನನ್ನ ಸಲುವಾಗಿ ನೀರು ಸುದ್ದಾ ಹಾಕಿಟ್ಟಾರ!" ಬೆರಳು ಒತ್ತಿ ಒತ್ತಿ, ಎಂದಿಗಿಂತ ದೊಡ್ಡ ರಂಗೋಲಿ ಹಾಕಿ ಬಂದಳು.

ಬೆಳಕು ಹರಿದಾಗ ರಂಗೋಲಿ ಸಮೇತ ಸಿಮೆಂಟು ಬಿಗಿದಿತ್ತು. ನಾನು ಕೈಮುಗಿದು, "ತಪ್ಪಾತ್ರಿ" ಅಂದೆ. ಪಾಸ್ಟರ್, "ಇರಲಿ ಬಿಡ್ರಿ, ಅವ್ವನೋರಿಗೆ ದಿನಾ ಬರೋ ತ್ರಾಸ ತಪ್ಪಿತು" ಅಂದರು.

ಮೊದಲ ಮಳೆ ಜೋರಾಗೇ ಬಂತು. ನಾವೆಲ್ಲ ತಲೆ ಎತ್ತಿ ಮಾಳಿಗೆಯನ್ನೇ ನೋಡುತ್ತ ನಿಂತೆವು. ಒಂದು ಹನಿಯೂ ಸೋರಲಿಲ್ಲ. ದೇವರಿಗೂ ಆ ಹುಡುಗರಿಗೂ ಕೈಮುಗಿದು ತಿರುಗಿದರೆ ಅವ್ವನೇ ಇಲ್ಲ.

ಸ್ವಲ್ಪ ಹೊತ್ತಿಗೆ ಗೋಣಿಚೀಲ ತಲೆಗೆ ಹಾಕಿಕೊಂಡು, ತೊಯ್ದು ತಪ್ಪಡಿಯಾಗಿ ಬಂದಳು. "ಎಲ್ಲಿ ಹೋಗಿದ್ದಿ ಅವ್ವಾ, ಸ್ವಂತ ಮಾಳಿಗಿ ಬಿಟ್ಟು?"

"ಚರ್ಚಿಗೆ. ಇಷ್ಟು ಮಳ್ಯಾಗ ರಂಗೋಲಿದು ಒಂದು ಗೆರಿ ಸುದ್ದಾ ಹೋಗಿಲ್ಲ ನೋಡ. ಆ ಹುಡುಗರ ಕೆಲಸ ಪಕ್ಕಾ ಅದ. ಇನ್ನ ನಮ್ಮ ಮಾಳಿಗಿ ಕೆಳಗ ಧೈರ್ಯದಿಂದ ಮಲಗಬಹುದು!"